ಹಿಂದಿನ ಸಾಲಿನ ಗೋಡೆ

"ಏಯ್! ಯಾರದು ಅಲ್ಲಿ ಬಿದ್ದಿರೋದು?"

ಮೇಸ್ತ್ರಿ ಹೌಹಾರಿಬಿಟ್ಟ. ಥಿಯೇಟರಿನ ನಡುದಾರಿಯಲ್ಲಿ, ಆಚೆ ಈಚೆ ಕುರ್ಚಿಗಳ ಸಾಲಿನ ಮಧ್ಯೆ, ಒಬ್ಬಳು ಅಂಗಾತ ಬಿದ್ದುಕೊಂಡಿದ್ದಳು. ಬಾಗಿಲು ಹಾಕಿ ವರ್ಷಗಳೇ ಆಗಿಹೋದ ಕಟ್ಟಡ ಅದು. ಛಾವಣಿಯ ಗಾರೆ ಬಿರುಕು ಬಿಟ್ಟು ಈಗಲೋ ಆಗಲೋ ಅನ್ನುತ್ತಿತ್ತು. ಅದರ ಕೆಳಗೆ ಬುದ್ಧಿ ಸ್ವಾಧೀನದಲ್ಲಿರುವವರು ಯಾರೂ ಮಲಗುವುದಿಲ್ಲ. ಹಾಗಾದರೆ ಇದು ಹೆಣವೇ ಇರಬೇಕು ಎಂದುಕೊಂಡ.

"ಒಂದು ನಿಮಿಷ," ಅಂದಿತು ಹೆಣ.

"ಅದು ತಲೆ ಮೇಲೆ ಬಿದ್ರೆ ಒಂದು ನಿಮಿಷಾನೂ ಇರಲ್ಲ. ಏಳ್ರೀ ಮೊದ್ಲು!"

"ಬೀಳೋಕೆ ಮುಂಚೆ ತಾನೇ ತೆಗೀಬೇಕು? ಬಿದ್ಮೇಲೆ ಏನ್ ತೆಗೀಲಿ, ನಿಮ್ಮ ಫೋಟೋನಾ?"

ಕ್ಯಾಮೆರಾ ಕ್ಲಿಕ್ ಎಂದಿತು. ಆಮೇಲೆ ಅವಳು ನಿಧಾನವಾಗಿ ಎದ್ದು, ಕೂದಲಿಗೆ ಮೆತ್ತಿಕೊಂಡ ಧೂಳನ್ನು ಕೊಡವಿಕೊಂಡು, ಇವನನ್ನು ಬೂಟಿನಿಂದ ಹೆಲ್ಮೆಟ್ಟಿನವರೆಗೆ ಒಮ್ಮೆ ನೋಡಿದಳು.

"ನೀವ್ಯಾರು?"

"ಇದನ್ನ ಕೆಡವೋನು."

"ಓ," ಅಂದಳು. ಅಷ್ಟೇ. ಆ ಒಂದಕ್ಷರದಲ್ಲಿ ಅವಳು ಅವನನ್ನು ಬೈದು, ಹೊಡೆದು, ಊರು ಬಿಡಿಸಿ ಆಗಿತ್ತು.

ಪಾಪ, ಅವನೇನು ಹಗೆತನಕ್ಕೆ ಕೆಡವುತ್ತಿದ್ದನೇ? ಅದು ಅವನ ಹೊಟ್ಟೆಪಾಡು. ಅಪ್ಪನಿಂದ ಬಂದ ಕಸುಬು. ಊರಿನ ಹಳೇ ಕಟ್ಟಡಗಳಲ್ಲಿ ಮುಕ್ಕಾಲು ಪಾಲು ಅವನ ಕೈಯಲ್ಲೇ ನೆಲ ಕಂಡಿದ್ದವು. ಪಕ್ಕದ ಮನೆಯ ಗೂಡಿನಲ್ಲಿರುವ ಹಕ್ಕಿಗೂ ಗೊತ್ತಾಗದಂತೆ ಗೋಡೆ ಇಳಿಸುತ್ತಾನೆ ಎಂದು ಹೆಸರು ಪಡೆದವನು. ಆದರೆ ಆ ಹೆಸರಿನಿಂದ ಮದುವೆ ಮಾರುಕಟ್ಟೆಯಲ್ಲಿ ಮೂರು ಕಾಸಿನ ಪ್ರಯೋಜನವಾಗಿರಲಿಲ್ಲ. "ಮನೆ ಕಟ್ಟೋರಿಗೆ ಹುಡುಗಿ ಕೊಡ್ತಾರೆ ಕಣೋ, ನಿಂಗೆ ಏನಂತ ಕೇಳಲಿ? ನಮ್ಮ ಹುಡುಗ ಚೆನ್ನಾಗಿ ಬೀಳಿಸ್ತಾನೆ ಅಂತಲಾ?" ಎಂದು ಅಕ್ಕ ದಿನಕ್ಕೊಂದು ಸಲವಾದರೂ ತಟ್ಟೆಯ ಮುಂದೆ ನಿಂತು ಕೇಳುತ್ತಿದ್ದಳು. ಅವನು ತಲೆ ಬಗ್ಗಿಸಿ ಉಣ್ಣುತ್ತಿದ್ದ. ಮಾತೆಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಅವಳ ಬಳಿ ಮಾಲೀಕರ ಅನುಮತಿ ಇತ್ತು. ಬರುವ ಸೋಮವಾರ ಕೆಡವುವ ಯಂತ್ರ ಬರುವವರೆಗೆ ಒಳಗೆ ಓಡಾಡಬಹುದು, ಯಾರು ಬೇಕಾದರೂ ಬಂದು ಹೋಗಬಹುದು. ನದಿಯ ಈಚೆ ದಡದ ಊರುಗಳ ಹಳೇ ಟಾಕೀಸುಗಳನ್ನೆಲ್ಲ ಫೋಟೋ ಹಿಡಿದು, ಅಲ್ಲಿ ಸಿನಿಮಾ ನೋಡಿದವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದು, ಒಂದು ಪುಸ್ತಕ ಮಾಡುತ್ತಿದ್ದಳು. ಈ ಟಾಕೀಸೇ ಅದರಲ್ಲಿ ಕೊನೆಯದು.

"ಬೀಳೋ ಕಟ್ಟಡಕ್ಕೆ ಪುಸ್ತಕ ಯಾಕೆ?" ಎಂದು ಅವನು ಕೇಳಿದ. ತಿಳಿಯದೆ ಕೇಳಿದ್ದು, ಕುಹಕಕ್ಕಲ್ಲ.

"ಬೀಳುತ್ತಲ್ಲ, ಅದಕ್ಕೇ," ಅಂದಳು.

ಆ ವಾರ ಮೇಸ್ತ್ರಿಗೆ ಆ ಸಿನಿಮಾ ಹಾಲಿನಲ್ಲಿ ಕೆಲಸ ಹೆಚ್ಚಿರಲಿಲ್ಲ. ಕರೆಂಟು ತೆಗೆಸಬೇಕು, ನೀರಿನ ಪೈಪು ಬಿಚ್ಚಿಸಬೇಕು, ಅಷ್ಟೇ. ಆದರೂ ಬೆಳಗಾಗುವುದೇ ತಡ ಬಂದುಬಿಡುತ್ತಿದ್ದ. ಮೊದಲ ದಿನ ಅವಳ ಏಣಿ ಹಿಡಿದ. ಮಾರನೇ ದಿನ, ಬೆಳಕು ಬೀಳಿಸಲು ಅವಳು ಇಟ್ಟುಕೊಂಡಿದ್ದ ಬಿಳಿ ಹಾಳೆಯನ್ನು ಕೈ ನೋಯುವಷ್ಟು ಹೊತ್ತು ಎತ್ತಿ ಹಿಡಿದ. "ಸ್ವಲ್ಪ ಎಡಕ್ಕೆ... ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!" ಎಂದು ಅವಳು ರೇಗಿದರೆ ಅವನಿಗೆ ಖುಷಿಯೋ ಖುಷಿ. ಕೂಲಿಯವರು ಅವಳನ್ನು "ಫೋಟೋ ಮೇಡಂ" ಎಂದು ಕರೆದರೆ ಇವನೂ "ಮೇಡಂ" ಎನ್ನುತ್ತಿದ್ದ. ಅವಳು "ಮೇಸ್ತ್ರಿಗಳೇ" ಎಂದು ರಾಗ ಎಳೆಯುತ್ತಿದ್ದಳು. ಅದರಲ್ಲಿ ಗೌರವ ಎಷ್ಟಿತ್ತು, ಚೇಷ್ಟೆ ಎಷ್ಟಿತ್ತು ಎಂದು ಅವನು ಮನೆಗೆ ಹೋಗುವ ದಾರಿಯುದ್ದಕ್ಕೂ ಅಳೆಯುತ್ತಿದ್ದ.

ನೆನಪು ಹೇಳಲು ಜನ ಬರುತ್ತಿದ್ದರು. ಮನೆಯಲ್ಲಿ ಅತ್ತೆಯ ಜೊತೆ ಜಗಳವಾದಾಗಲೆಲ್ಲ ಇಲ್ಲಿ ಬಂದು ನಿದ್ದೆ ಮಾಡುತ್ತಿದ್ದೆ ಎಂದಳು ಒಬ್ಬ ಟೀಚರ್. ಯಾವ ಸಿನಿಮಾ ಎಂದು ಕೇಳಿದರೆ, "ಯಾರು ನೋಡಿದ್ರು?" ಎಂದಳು. ಒಬ್ಬ ದರ್ಜಿ, ಪರದೆಯ ಮೇಲಿನ ನಾಯಕಿಯ ರವಿಕೆಯ ಅಳತೆಯನ್ನು ಕಣ್ಣಲ್ಲೇ ತೆಗೆದು, ವಾರದೊಳಗೆ ಊರಿಗೆಲ್ಲ ಹೊಲಿದು ಕೊಟ್ಟಿದ್ದನ್ನು ಎದೆಯುಬ್ಬಿಸಿ ಹೇಳಿದ. ಅವಳು ಎಲ್ಲರನ್ನೂ ಅವರವರು ಕೂರುತ್ತಿದ್ದ ಕುರ್ಚಿಯಲ್ಲೇ ಕೂರಿಸಿ ಫೋಟೋ ತೆಗೆಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಒಂದು ಕಣ್ಣು ಕ್ಯಾಮೆರಾದ ಹಿಂದೆ ಮರೆಯಾಗಿ, ಇನ್ನೊಂದು ಕಣ್ಣು ಅರ್ಧ ಮುಚ್ಚಿ, ಕೆಳತುಟಿ ಹಲ್ಲಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಮೇಸ್ತ್ರಿ ಬಿಳಿ ಹಾಳೆಯ ಅಂಚಿನಿಂದ ಅದನ್ನೇ ನೋಡುತ್ತಿದ್ದ. ಒಮ್ಮೆ ಅವಳು ತಟ್ಟನೆ ತಿರುಗಿದಾಗ ಇವನು ಛಾವಣಿ ನೋಡತೊಡಗಿದ.

"ಅಲ್ಲೇನಿದೆ ಮೇಸ್ತ್ರಿಗಳೇ?"

"ಬಿರುಕು."

"ನಿನ್ನೆ ಇರ್ಲಿಲ್ವಾ?"

"ಇತ್ತು. ಇವತ್ತು ಜಾಸ್ತಿ ಆಗಿದೆ."

ಅವಳು ನಗು ತಡೆದುಕೊಂಡಿದ್ದು ಅವನಿಗೆ ಕಂಡಿತು. ಆ ರಾತ್ರಿ ಊಟ ರುಚಿಸಲಿಲ್ಲ. ಅಕ್ಕ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು, "ಯಾರೋ ಅವಳು?" ಎಂದು ನೇರ ಕೇಳಿಯೇಬಿಟ್ಟಳು.

ಬಾಯಿ ಬಿಡಿಸುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಯಿತು. "ಬಾಯಲ್ಲಿ ಹೇಳೋಕೆ ನಿನ್ನ ಕೈಲಿ ಈ ಜನ್ಮದಲ್ಲಿ ಆಗಲ್ಲ. ಏನಾದ್ರೂ ಮಾಡಿ ತೋರಿಸು. ಅವಳಿಗೆ ಬೇಕಾಗಿರೋದು ಏನು ಅಂತ ನೋಡಿ ಮಾಡು. ಬೀಳಿಸೋದಲ್ಲ, ಮತ್ತೆ!"

ಅವನು ನೋಡಿದ. ನೋಡಿದ್ದೇ ತಪ್ಪಾಯಿತು ಅನ್ನಿ.

ಅವಳು ಹಾಲಿನ ಮೂಲೆಮೂಲೆಯನ್ನೂ ತೆಗೆದಿದ್ದಳು. ಟಿಕೆಟಿನ ಕಿಂಡಿ, ಹರಿದ ಪರದೆ, ಪ್ರೊಜೆಕ್ಟರ್ ಕೋಣೆ, ಶೌಚಾಲಯದ ಒಡಕು ಕನ್ನಡಿ ಸಹ. ಕಟ್ಟಕಡೆಯ ಸಾಲಿನ ಹಿಂದಿನ ಗೋಡೆಯೊಂದನ್ನು ಮಾತ್ರ ಬಿಟ್ಟಿದ್ದಳು. ದಿನಾ ಅದರ ಮುಂದೆ ಹೋಗಿ ನಿಲ್ಲುತ್ತಿದ್ದಳು, ಕ್ಯಾಮೆರಾ ಎತ್ತುತ್ತಿದ್ದಳು, ಏನೋ ಯೋಚಿಸಿ ಇಳಿಸಿಬಿಡುತ್ತಿದ್ದಳು. ಮೇಸ್ತ್ರಿ ಆ ಗೋಡೆಯನ್ನು ಪರೀಕ್ಷಿಸಿದ. ಕುರ್ಚಿಯ ಬೆನ್ನಿಗಿಂತ ತುಸು ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಕಂದು ಬಣ್ಣದ ಗುಂಡನೆಯ ಕಲೆಗಳು. ಎಷ್ಟೋ ವರ್ಷ ಎಷ್ಟೋ ಜನ ಎಣ್ಣೆ ತಲೆಯನ್ನು ಒರಗಿಸಿ ಒರಗಿಸಿ ಆದ ಜಿಡ್ಡು. ಥೂ, ಇದೇ ಕಾರಣ! ಗಲೀಜು ಗೋಡೆಯನ್ನು ಹೇಗೆ ತೆಗೆಯುವುದು ಎಂದು ಪಾಪ ಮೇಡಂ ಒದ್ದಾಡುತ್ತಿದ್ದಾರೆ.

ಶನಿವಾರ ಮಧ್ಯಾಹ್ನ ಅವಳು ಬೇಗ ಹೋದಳು. ಮೇಸ್ತ್ರಿ ಕೂಲಿಯವರನ್ನು ಕಳಿಸಿ, ಸುಣ್ಣ ಕಲಸಿ, ತೋಳು ಮಡಚಿ ನಿಂತ. ಎರಡು ದಿನ ಕಳೆದರೆ ತಾನೇ ಒಡೆಯಬೇಕಾದ ಗೋಡೆ! ಆದರೂ ಒಂದು ಚೂರೂ ಬಿಡದಂತೆ, ಮೇಲಿಂದ ಕೆಳಗೆ, ಎರಡೆರಡು ಸಲ ಬಳಿದ. ಜೀವಮಾನದಲ್ಲಿ ಮೊದಲ ಬಾರಿ ಅವನು ಒಂದು ಗೋಡೆಯನ್ನು ಚೆಂದ ಮಾಡಿದ್ದ. ದೂರ ನಿಂತು ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಭಾನುವಾರ ಬೆಳಿಗ್ಗೆ ಅವಳು ಬಂದಾಗ ಬಾಗಿಲಲ್ಲೇ ಕಾದಿದ್ದ. "ಬನ್ನಿ ಮೇಡಂ, ಒಂದು ತೋರಿಸ್ತೀನಿ."

ಅವಳು ನೋಡಿದಳು. ಚೀರಾಡಲಿಲ್ಲ, ಬೈಯಲಿಲ್ಲ. ಮುಖದ ಬಣ್ಣವೆಲ್ಲ ಇಳಿದುಹೋಯಿತು. ಕೊನೇ ಸಾಲಿನ ಮೂಲೆಯ ಕುರ್ಚಿಯಲ್ಲಿ ಕುಸಿದು ಕೂತು, ಫೋನು ತೆಗೆದು, "ಅಮ್ಮಾ, ಇವತ್ತು ಬರಬೇಡ. ಆಮೇಲೆ ಹೇಳ್ತೀನಿ," ಎಂದಷ್ಟೇ ಹೇಳಿ ಇಟ್ಟಳು.

"ಏನಾಯ್ತು ಮೇಡಂ?" ಅವನು ಹತ್ತಿರ ಬಂದ.

"ನಮ್ಮಪ್ಪ ಅಮ್ಮ ಪ್ರತಿ ವಾರ ಇಲ್ಲಿ ಕೂರ್ತಿದ್ರು. ಇದೇ ಎರಡು ಕುರ್ಚಿ, ಮೂಲೇದು ಅಂತ ಬೇರೆ ಯಾರೂ ಕೂರ್ತಿರ್ಲಿಲ್ಲ. ಅಪ್ಪನಿಗೆ ಕ್ಯಾಮೆರಾ ಅಂದ್ರೆ ಆಗ್ತಿರ್ಲಿಲ್ಲ. ಮದುವೆ ಫೋಟೋ ಬಿಟ್ರೆ ಅವರಿಬ್ರೂ ಒಟ್ಟಿಗಿರೋದು ನನ್ನ ಹತ್ರ ಒಂದೂ ಇಲ್ಲ. ಅಪ್ಪ ಹೋದ್ಮೇಲೆ ಅಮ್ಮ ಯಾವ ಟಾಕೀಸಿಗೂ ಕಾಲಿಟ್ಟಿಲ್ಲ. ಇವತ್ತು ಒಪ್ಪಿಸಿದ್ದೆ. ಅಮ್ಮ ಬಂದು ಇಲ್ಲಿ ಕೂತ ಮೇಲೇ ಹತ್ತಿರದಿಂದ ನೋಡಿ ತೆಗೀಬೇಕು ಅಂತ ಈ ಗೋಡೆ ಬಿಟ್ಟಿದ್ದೆ." ಗೋಡೆಯ ಕಡೆ ಕೈ ತೋರಿಸಿದಳು. "ಅವರಿಬ್ರ ತಲೆ ಗುರುತು ಇತ್ತು ಮೇಸ್ತ್ರಿಗಳೇ ಇಲ್ಲಿ. ಅದಕ್ಕೇ ಈ ಇಡೀ ಪುಸ್ತಕ ಶುರು ಮಾಡಿದ್ದು ನಾನು."

ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒದ್ದೆ ಬಟ್ಟೆ ಹಿಡಿದು ಗೋಡೆಯ ಕಡೆ ಓಡಿದ.

"ಮುಟ್ಟಬೇಡಿ!" ಅವಳು ಎದ್ದು ನಿಂತಳು. "ದಯವಿಟ್ಟು ಇನ್ನೇನನ್ನೂ ಮುಟ್ಟಬೇಡಿ."

ಅವಳು ಚೀಲ ಎತ್ತಿಕೊಂಡು ಹೊರಟುಹೋದಳು. ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಎಂದು ಎದ್ದು ಹೋಗುತ್ತಿದ್ದರು. ಇವನು ಹಾಗೆ ಬಿಡುವ ಆಸಾಮಿಯಲ್ಲ. ತಾನು ಮಾಡಿದ್ದನ್ನು ಅವಳ ಅಮ್ಮನಿಗೆ ತಾನೇ ಹೇಳಬೇಕು, ಬೈಸಿಕೊಳ್ಳಬೇಕು, ಆಮೇಲೆ ಮುಂದಿನ ಮಾತು ಎಂದು ಗಟ್ಟಿ ಮಾಡಿಕೊಂಡು, ವಿಳಾಸ ವಿಚಾರಿಸಿ ಅವಳ ಮನೆಯ ಬಾಗಿಲು ತಟ್ಟಿದ.

ಅಮ್ಮನೇ ಬಾಗಿಲು ತೆಗೆದಳು. ಗಿಡ್ಡ ಹೆಂಗಸು, ಬೆಳ್ಳಗಾದ ಕೂದಲು, ಚುರುಕು ಕಣ್ಣು. ಇವನ ಅಂಗೈಯ ಬಿರುಕುಗಳಲ್ಲಿ ಇನ್ನೂ ಉಳಿದಿದ್ದ ಬಿಳುಪನ್ನು ನೋಡಿ, "ಸುಣ್ಣದವನು ನೀನೇನಾ?" ಅಂದಳು.

"ಹೌದಮ್ಮ. ತಪ್ಪಾಯ್ತು."

"ಅವಳು ಹೊರಗೆ ಹೋಗಿದಾಳೆ, ಬಚಾವಾದೆ. ಒಳಗೆ ಬಾ." ಕುರ್ಚಿ ತೋರಿಸಿದಳು. "ಅಲ್ಲಪ್ಪಾ, ಒಡೆಯೋ ಗೋಡೆಗೆ ಯಾರಾದ್ರೂ ಸುಣ್ಣ ಹೊಡೀತಾರಾ?"

"ಅವ್ರ ಫೋಟೋ ಚೆನ್ನಾಗಿ ಬರ್ಲಿ ಅಂತ..."

ಅಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಕಿವಿಯವರೆಗೆ ಕೆಂಪಾದ ಅಷ್ಟು ದೊಡ್ಡ ಆಳನ್ನು ಅವಳು ನೋಡಿರಲಿಲ್ಲ. ಬಿದ್ದು ಬಿದ್ದು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, ಅಡುಗೆಮನೆಗೆ ಕರೆದೊಯ್ದು ಒಲೆಯ ಮೇಲಿನ ಗೋಡೆ ತೋರಿಸಿದಳು. ಅಲ್ಲೊಂದು ಹಳದಿ ಕಲೆ ಇತ್ತು.

"ಇದು ಎಣ್ಣೆ. ವರ್ಷಾ ವರ್ಷಾ ಸುಣ್ಣ ಹೊಡಿಸ್ತೀನಿ. ಸ್ವಲ್ಪ ದಿನ ಸುಮ್ನಿರುತ್ತೆ, ಆಮೇಲೆ ಮತ್ತೆ ಆಚೆ ಬಂದು ನನ್ನ ಮುಖ ನೋಡುತ್ತೆ. ಎಣ್ಣೆ ಜಿಡ್ಡು ಅಷ್ಟು ಸುಲಭಕ್ಕೆ ಹೋಗಲ್ಲ ಕಣಪ್ಪ. ಕಾಯಬೇಕು."

"ನಾಳೆ ಯಂತ್ರ ಬರುತ್ತಮ್ಮ."

"ಅದು ನಿನ್ನ ತಲೆನೋವು. ಸುಣ್ಣ ಹೊಡೆದೋನು ನೀನು."

ಅಲ್ಲಿಂದ ನೇರ ಮಾಲೀಕರ ಮನೆಗೆ ಹೋದ. ಯಂತ್ರ ಬೇಡ ಎಂದ. ಹಾಲನ್ನು ಆಳುಗಳಿಂದ ಕೈಯಲ್ಲೇ ಬಿಚ್ಚಿಸುತ್ತೇನೆ, ಪರದೆಯ ಕಡೆಯಿಂದ ಶುರು ಮಾಡಿ ಹಿಂದಿನ ಗೋಡೆಗೆ ಬರುತ್ತೇನೆ ಎಂದ. ಮಾಲೀಕರು ಕಣ್ಣು ಕೆಂಪಗೆ ಮಾಡಿದರು. ತಡವಾದರೆ ಇನ್ನೊಬ್ಬನಿಗೆ ಕೊಡುತ್ತೇನೆ ಎಂದರು. ತಡವಾಗುವುದಿಲ್ಲ, ಯಂತ್ರಕ್ಕೆ ಕೊಟ್ಟಿದ್ದ ಗಡುವಿನೊಳಗೇ ಮುಗಿಸುತ್ತೇನೆ ಎಂದು ಮೇಸ್ತ್ರಿ ಪಟ್ಟು ಹಿಡಿದು ಕೂತ. ಕೊನೆಗೆ ಮಾಲೀಕರಿಗೆ ಬೇಸರ ಬಂದು, "ಏನಾದ್ರೂ ಮಾಡ್ಕೊಂಡು ಸಾಯಿ," ಎಂದು ಒಳಗೆ ಹೋದರು. ಅದನ್ನು ಅವನು ಆಶೀರ್ವಾದ ಎಂದೇ ತೆಗೆದುಕೊಂಡ.

ಆಮೇಲೆ ಅವನು ದುಡಿದ ಪರಿ ಕೂಲಿಯವರಿಗೂ ಗಾಬರಿ ಹುಟ್ಟಿಸಿತು. ತಾನೇ ಛಾವಣಿ ಹತ್ತಿ ಗಾರೆ ಕಿತ್ತು ಇಳಿಸಿದ. ತಾನೇ ಕುರ್ಚಿಗಳ ಬೋಲ್ಟು ಬಿಚ್ಚಿದ. ಕೊನೇ ಸಾಲನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟಗೊಡಲೂ ಇಲ್ಲ. ದಿನಾ ಬೆಳಿಗ್ಗೆ ಆ ಗೋಡೆಯ ಎದುರು ನಿಂತು ಫೋನಿನಲ್ಲಿ ಒಂದು ಫೋಟೋ ತೆಗೆದು ಅವಳಿಗೆ ಕಳಿಸುತ್ತಿದ್ದ. ಒಂದು ಅಕ್ಷರವೂ ಇರುತ್ತಿರಲಿಲ್ಲ, ಬರೀ ಗೋಡೆ. ಬಿಳಿ ಗೋಡೆ. ಮಾರನೇ ದಿನವೂ ಬಿಳಿ ಗೋಡೆ. ಅವಳು ನೋಡಿದಳೆಂದು ಫೋನು ಹೇಳುತ್ತಿತ್ತು, ಉತ್ತರ ಮಾತ್ರ ಇಲ್ಲ. ಅಮ್ಮ ಒಲೆಯ ಕಲೆಯ ಕಥೆ ಹೇಳಿರಬೇಕು ಎಂದು ಅವನಿಗೆ ಅನ್ನಿಸಿತು. ಅವಳು ನಂಬಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

ಛಾವಣಿ ಪೂರ್ತಿ ಇಳಿದ ದಿನ ಬಿಸಿಲು ಮೊದಲ ಸಲ ಹಾಲಿನೊಳಗೆ ಬಿತ್ತು. ಅವತ್ತೂ ಫೋಟೋ ಕಳಿಸಿದ. ಅವತ್ತು ಉತ್ತರ ಬಂತು.

"ಹೆಬ್ಬೆರಳು ತೆಗೀರಿ."

ನೋಡಿದರೆ, ನಿಜ. ಅವನು ಕಳಿಸಿದ ಪ್ರತಿ ಫೋಟೋದ ಮೂಲೆಯಲ್ಲೂ ಅವನ ದಪ್ಪ ಹೆಬ್ಬೆರಳು ಠೀವಿಯಿಂದ ಕೂತಿತ್ತು. ಮೇಸ್ತ್ರಿ ಒಬ್ಬನೇ ನಿಂತು ಮಂಗನ ಹಾಗೆ ಹಲ್ಲುಕಿರಿದ. ಬೈಗುಳವಾದರೂ ಆಗಲಿ, ಅವಳ ಕೈಯಿಂದ ಬಂದಿತ್ತಲ್ಲ! ಕೂಲಿಯವರಿಗೆ ಆ ದಿನ ಎರಡು ಸಲ ಕಾಫಿ ಸಿಕ್ಕಿತು.

ಬಿಸಿಲು ಬಲಿಯುತ್ತ ಬಂತು. ಮೇಸ್ತ್ರಿಯ ಗಡುವೂ ಮುಗಿಯುತ್ತ ಬಂತು. ಪರದೆಯ ಗೋಡೆ ಹೋಯಿತು, ಪಕ್ಕದ ಗೋಡೆಗಳು ಹೋದವು. ಎರಡು ದಿನದೊಳಗೆ ಕಲೆ ಮೇಲೆ ಬರದಿದ್ದರೆ ಗೋಡೆ ಅದನ್ನು ನುಂಗಿಕೊಂಡೇ ಬೀಳಬೇಕಿತ್ತು. ಅಕ್ಕ ದೇವರಿಗೆ ಕೈ ಮುಗಿಯತೊಡಗಿದ್ದಳು. ಮಾರನೇ ಬೆಳಿಗ್ಗೆ ಅವನು ಬಂದು ನೋಡಿದಾಗ ಸುಣ್ಣದ ಮೇಲೆ ಅಲ್ಲಲ್ಲಿ ಚಹಾ ಚೆಲ್ಲಿದ ಹಾಗೆ ತೆಳು ಹಳದಿ. ಕಣ್ಣುಜ್ಜಿಕೊಂಡ. ಮಧ್ಯಾಹ್ನದ ಹೊತ್ತಿಗೆ ಹಳದಿ ಗುಂಡಗಾಯಿತು. ಒಂದಾದ ಮೇಲೊಂದು, ಸಾಲಿನುದ್ದಕ್ಕೂ ತಲೆಗಳು ಎದ್ದು ಬಂದಿದ್ದವು.

ಈ ಸಲ ಫೋಟೋ ಕಳಿಸಲಿಲ್ಲ. ಫೋನೇ ಮಾಡಿಬಿಟ್ಟ. "ಮೇಡಂ, ಬಂದ್ರು! ಎಲ್ಲರೂ ಬಂದ್ರು! ಅಮ್ಮನ್ನ ಕರ್ಕೊಂಡು ಬನ್ನಿ!"

ಅವರು ಬಂದಾಗ ಆ ಜಾಗದಲ್ಲಿ ಉಳಿದಿದ್ದು ಒಂದು ಗೋಡೆ, ಅದರ ಮುಂದೆ ಒಂದು ಸಾಲು ಕುರ್ಚಿ, ಮೇಲೆ ಆಕಾಶ. ಅಮ್ಮ ಯಾರನ್ನೂ ಕೇಳದೆ ನೇರ ಮೂಲೆಗೆ ನಡೆದಳು. ಅಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಕಲೆಯಿತ್ತು. ಅದರ ಮೇಲೆ ಅಂಗೈ ಇಟ್ಟಳು.

"ಬಾಚಣಿಗೆಗಿಂತ ಮೊದಲು ಎಣ್ಣೆ ಬೇಕು ಆ ಮನುಷ್ಯನಿಗೆ," ಅಂದಳು. ಕೈ ತೆಗೆಯಲಿಲ್ಲ.

ಮಗಳು ಪಕ್ಕದ ಕುರ್ಚಿಯ ಹಿಂದೆ ಬಗ್ಗಿ ನೋಡುತ್ತಿದ್ದಳು. ಅಲ್ಲಿ ಬರೀ ಬಿಳುಪು. ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಅಪ್ಪಂದು ಇದೆ. ಅಮ್ಮಂದು ಇಲ್ಲ. ಸುಣ್ಣ ತಿಂದುಬಿಡ್ತು."

"ಅವನನ್ನ ಯಾಕೆ ಗುರಾಯಿಸ್ತೀಯ?" ಅಂದಳು ಅಮ್ಮ. "ಅಲ್ಲಿ ಯಾವತ್ತೂ ಇರ್ಲಿಲ್ಲ."

"ನೀನು ಇಲ್ಲಿ ತಾನೇ ಕೂರ್ತಿದ್ದಿದ್ದು?"

"ಕೂರ್ತಿದ್ದೆ."

"ಮತ್ತೆ?"

"ಮತ್ತೆ ಏನೇ? ತಲೆ ಗೋಡೆಗೆ ಇಡ್ತಿರ್ಲಿಲ್ಲ." ಅಮ್ಮ ಬೇರೆಲ್ಲೋ ನೋಡುತ್ತ ಹೇಳಿದಳು. ಆ ವಯಸ್ಸಿನಲ್ಲೂ ಕೆನ್ನೆಗೆ ರಂಗು ಬಂದಿತ್ತು. "ಗೋಡೆಗೇ ಒರಗೋದಾಗಿದ್ರೆ ಅವರ ಜೊತೆ ಯಾಕೆ ಬರ್ಬೇಕಿತ್ತು, ಒಬ್ಬಳೇ ಬರ್ತಿದ್ದೆ."

ಮೇಸ್ತ್ರಿ ತನ್ನ ಬೂಟು ನೋಡಿಕೊಂಡ. ಮಗಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಕಣ್ಣೀರು ನಿಲ್ಲಲಿಲ್ಲ. ಅಳುತ್ತಲೇ ಅಮ್ಮನನ್ನು ಅವಳ ಕುರ್ಚಿಯಲ್ಲಿ ಕೂರಿಸಿದಳು, ಅಳುತ್ತಲೇ ಫೋಕಸ್ ಮಾಡಿದಳು. ಅಪ್ಪನ ತಲೆಯ ಗುರುತು, ಪಕ್ಕದ ಖಾಲಿ ಬಿಳುಪು, ಅದರ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತ ಅಮ್ಮ. ಅವರಿಬ್ಬರೂ ಒಟ್ಟಿಗಿರುವ ಎರಡನೇ ಫೋಟೋ ಅದು. ಮೇಸ್ತ್ರಿ ಹೇಳದೆಯೇ ಬಿಳಿ ಹಾಳೆ ಎತ್ತಿ ಹಿಡಿದಿದ್ದ. ಅವಳ ಎಡಕ್ಕೇ.

ಅಮ್ಮನನ್ನು ಆಟೋ ಹತ್ತಿಸಿ ಅವಳು ಹಿಂತಿರುಗಿ ಬಂದಳು. ಮೇಸ್ತ್ರಿ ಸುತ್ತಿಗೆ ಹಿಡಿದು ಗೋಡೆಯ ಮುಂದೆ ಸುಮ್ಮನೆ ನಿಂತಿದ್ದ.

"ಯಾಕೆ ನಿಂತ್ರಿ?"

"ನಂಗಾಗ್ತಿಲ್ಲ ಮೇಡಂ. ಬೇರೆಯವರಿಗೆ ಹೇಳ್ತೀನಿ."

"ಬೇಡ. ಇದನ್ನ ಒಡೆದ್ರೆ ನೀವೇ ಒಡೀಬೇಕು. ಯಾವನೋ ಗೊತ್ತಿಲ್ಲದೋನು ಬಂದು ಒಡೆಯೋದು ನಂಗಿಷ್ಟ ಇಲ್ಲ." ಮೂಗು ಒರೆಸಿಕೊಂಡಳು. "ಮುಂದಿನ ಕೆಲಸ ಎಲ್ಲಿ?"

"ನದಿಯಾಚೆ. ಅದೂ ಟಾಕೀಸೇ."

"ನೀವು ಕೈ ಹಾಕೋ ಮುಂಚೆ ನಾನು ಬರ್ತೀನಿ."

"ಬನ್ನಿ."

"ಅದರ ಮುಂದಿನದಕ್ಕೂ."

"ಬನ್ನಿ."

"ಪುಸ್ತಕ ಇಲ್ಲಿಗೆ ಮುಗೀಬೇಕಿತ್ತು. ಈಗ ಎಲ್ಲಿಗೆ ಮುಗಿಯುತ್ತೋ ಗೊತ್ತಿಲ್ಲ. ಎಲ್ಲದಕ್ಕೂ 'ಬನ್ನಿ' ಅಂದ್ರೆ ಹೇಗ್ರೀ? ಬೇರೆ ಏನೂ ಹೇಳೋದಿಲ್ವಾ ನಿಮಗೆ?"

ಮೇಸ್ತ್ರಿ, ಇವತ್ತು ಬಿಟ್ಟರೆ ಇನ್ನಿಲ್ಲ ಎಂದು ಹಲ್ಲು ಕಚ್ಚಿ ಬಾಯಿ ತೆರೆದ.

"ಇದೆ. ನಂಗೆ ಬೀಳಿಸೋದೊಂದೇ ಗೊತ್ತಿರೋದು. ಮಾತು ಬರಲ್ಲ ಅಂತ ಅಕ್ಕನೂ ಬೈತಾಳೆ, ಒಳ್ಳೇದು ಮಾಡೋಕೆ ಹೋದ್ರೆ ಕೆಡಿಸ್ತೀನಿ, ನೋಡಿದ್ರಲ್ಲ. ಆದ್ರೆ ನಿಮ್ಮನ್ನ ನೋಡಿದ ದಿನದಿಂದ ಒಂದು ಮನೆ ಕಟ್ಟಬೇಕು ಅನ್ನೋ ಆಸೆ ಆಗಿದೆ. ನೀವಿದ್ರೆ ಮಾತ್ರ. ಇಲ್ಲ ಅಂದ್ರೂ ಏಣಿ ಹಿಡಿಯೋಕೆ ಬರ್ತೀನಿ."

ಅವಳು ಅವನನ್ನೇ ನೋಡಿದಳು. ಈ ಸಲ ಅವನು ಛಾವಣಿ ನೋಡೋಣವೆಂದರೆ ಛಾವಣಿಯೇ ಇರಲಿಲ್ಲ. ಅವಳು ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು ಚೀಲಕ್ಕೆ ಹಾಕಿ, ಅವನ ತಲೆಯ ಹೆಲ್ಮೆಟ್ಟು ತೆಗೆದು ತಾನು ಹಾಕಿಕೊಂಡಳು.

"ಇದು ನಂಗಿರ್ಲಿ, ನಿಂಗೆ ಇನ್ನೊಂದು ತಗೋ," ಅಂದಳು. "ಒಡಿ. ಬೇಗ ಮುಗಿಸು, ನಿಮ್ಮಕ್ಕನ ಹತ್ರ ನಾನು ಮಾತಾಡಬೇಕು."

ಮೇಸ್ತ್ರಿ ಸುತ್ತಿಗೆ ಎತ್ತಿದ. ಸಂಜೆಯ ಹೊತ್ತಿಗೆ ಗೋಡೆ ಇರಲಿಲ್ಲ. ಇಬ್ಬರೂ ಧೂಳು ಕೊಡವಿಕೊಂಡು, ದಾರಿಯುದ್ದಕ್ಕೂ ಮಾತಾಡುತ್ತ ಅವನ ಮನೆಯ ಕಡೆ ನಡೆದರು. ಹೆಚ್ಚು ಮಾತಾಡಿದ್ದು ಮೇಸ್ತ್ರಿಯೇ.